ಮೂರು ಕಿಟಕಿ, ಒಂದೇ ಡ್ರಿಲ್: ಮನೆಯಲ್ಲೇ ಬ್ಲೈಂಡ್ ಕೂರಿಸಿದ ಒಂದು ಪ್ರಕರಣ

ಹಿನ್ನೆಲೆ

ಒಂದು ಮನೆಯಲ್ಲಿ ಮೂರು ಕಿಟಕಿಗಳ ಹಳೇ ಪರದೆ ತೆಗೆದು ಚೈನ್ ಎಳೆದರೆ ಕೊಳವೆಗೆ ಸುತ್ತಿಕೊಳ್ಳುವ ಬಟ್ಟೆಯ ಪರದೆ, ಅಂದರೆ ರೋಲರ್ ಬ್ಲೈಂಡ್ ಹಾಕಬೇಕೆಂದು ತೀರ್ಮಾನವಾಯಿತು. ಕೆಲಸಕ್ಕೆ ನಿಂತವರು ಇಬ್ಬರು, ಮನೆಯಾಕೆ ಮತ್ತು ಅವರ ತಮ್ಮ. ಇಲ್ಲಿ ಅವರನ್ನು ಅಕ್ಕ, ತಮ್ಮ ಎಂದೇ ಕರೆದಿದ್ದೇವೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇವೆ, ಅಳತೆಗಳನ್ನು ಬಿಟ್ಟಿಲ್ಲ. ಕಲಿಯಬೇಕಾದದ್ದೆಲ್ಲ ಆ ಅಳತೆಗಳಲ್ಲೇ ಇದೆ.

ಇಬ್ಬರೂ ಕಪಾಟಿನ ಕೀಲು ಬಿಗಿ ಮಾಡುವುದು, ಮರಕ್ಕೆ ಸ್ಕ್ರೂ ಹಾಕುವುದು ಬಲ್ಲವರು. ಗೋಡೆ ಕೊರೆದು ಅಭ್ಯಾಸವಿರಲಿಲ್ಲ. ಕೈಯಲ್ಲಿದ್ದ ಸಲಕರಣೆ ಇಷ್ಟು: 12 ವೋಲ್ಟಿನ ಬ್ಯಾಟರಿ ಡ್ರಿಲ್ (ತಿರುಗುತ್ತಲೇ ಬಡಿಯುವ ಹ್ಯಾಮರ್ ಸೌಲಭ್ಯ ಅದರಲ್ಲಿ ಇರಲಿಲ್ಲ), ಗೋಡೆ ಕೊರೆಯುವ 6 ಮಿ.ಮೀ. ಬಿಟ್ ಒಂದು, ಮರದ ಬಿಟ್‌ಗಳ ಸೆಟ್, ಸ್ಕ್ರೂಡ್ರೈವರ್, 3 ಮೀಟರ್ ಟೇಪು, ಪೆನ್ಸಿಲ್, ಏಣಿ. ರಸಮಟ್ಟ ಇರಲಿಲ್ಲ. ಅದರ ಜಾಗದಲ್ಲಿ ಮಟ್ಟ ನೋಡುವ ಫೋನಿನ ಆ್ಯಪ್ ಇತ್ತು. ಬ್ಲೈಂಡಿನ ಜೊತೆ ಬಂದಿದ್ದ ಹಾಳೆಯಲ್ಲಿ ಬೇಕಾದ ಸಲಕರಣೆ ಎಂದು ಬರೆದಿದ್ದದ್ದು ಡ್ರಿಲ್, ಟೇಪು, ಪೆನ್ಸಿಲ್, ಸ್ಕ್ರೂಡ್ರೈವರ್. ಎಲ್ಲವೂ ಇದೆ ಎಂದುಕೊಂಡು ಕೆಲಸ ಶುರು ಮಾಡಿದರು.

ಆ ಹಾಳೆ ಸುಳ್ಳು ಹೇಳಿರಲಿಲ್ಲ. ಆದರೆ ಹಾಳೆ ಬರೆದವರಿಗೆ ನಿಮ್ಮ ಮನೆಯ ಗೋಡೆ ಯಾವುದರದ್ದೆಂದು ಗೊತ್ತಿರುವುದಿಲ್ಲ. ಇಲ್ಲಿ ಮೂರು ಕಿಟಕಿಯೂ ಮೂರು ಬಗೆ. ಓದುವ ಕೋಣೆಯದು 900 ಮಿ.ಮೀ. ಅಗಲದ ಮರದ ಚೌಕಟ್ಟು. ಮಲಗುವ ಕೋಣೆಯಲ್ಲಿ ಬ್ಲೈಂಡು ಗೋಡೆಯ ಗೂಡಿನೊಳಗೆ, ಗೂಡಿನ ಮೇಲ್ಗಡೆಗೆ ತೂಗಬೇಕು. ಆ ಮೇಲ್ಗಡೆ ಎಂದರೆ ಕಿಟಕಿಯ ಮೇಲಿನ ಗೋಡೆಯನ್ನು ಹೊರುವ ಕಾಂಕ್ರೀಟ್ ಲಿಂಟಲ್‌ನ ತಳ, ಅದರ ಮೇಲೊಂದು ಪದರ ಗಾರೆ. ಹಾಲಿನ ಕಿಟಕಿ 1,750 ಮಿ.ಮೀ. ಅಗಲ. ಅದಕ್ಕೆ ಗೂಡಿನ ಹೊರಗೆ ಗೋಡೆಯ ಮೇಲೆ, ಎರಡೂ ಕಡೆ 75 ಮಿ.ಮೀ. ಹೆಚ್ಚಿಗೆ ಬರುವಂತೆ, 1,900 ಮಿ.ಮೀ. ಬ್ಲೈಂಡು.

ಮೊದಲ ಕಿಟಕಿ

ಮರದ ಚೌಕಟ್ಟಿನ ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. 4 ಮಿ.ಮೀ. ಸ್ಕ್ರೂಗೆ ಮೊದಲು 2.5 ಮಿ.ಮೀ. ಬಿಟ್‌ನಿಂದ ದಾರಿ ಮಾಡಿ, ಆಮೇಲೆ ಕೈಯಲ್ಲೇ ತಿರುಗಿಸಿದರು. ದಾರಿ ಮಾಡದೆ ನೇರ ಸ್ಕ್ರೂ ಬಿಟ್ಟಿದ್ದರೆ ಅಂಚಿನ ಮರ ಸೀಳುತ್ತಿತ್ತು, ಅದು ಅವರಿಗೆ ಗೊತ್ತಿತ್ತು. ಇಲ್ಲಿ ಹೇಳುವಂಥದ್ದು ಹೆಚ್ಚಿಲ್ಲ, ಒಂದನ್ನು ಬಿಟ್ಟು: ಈ ಸಲೀಸು ಗೆಲುವೇ ಮುಂದಿನ ಎರಡು ಕಿಟಕಿಗಳ ತೊಂದರೆಗೆ ಬೀಜ. ಇದೇ ಡ್ರಿಲ್, ಇದೇ ಸ್ಕ್ರೂ ಎಲ್ಲ ಕಡೆಗೂ ಸಾಕು ಎಂಬ ನಂಬಿಕೆ ಗಟ್ಟಿಯಾಯಿತು.

ಎರಡನೆಯದರಲ್ಲಿ ಎರಡು ತಪ್ಪು

ಮೊದಲನೆಯ ತಪ್ಪು ಬ್ಲೈಂಡು ಬರುವುದಕ್ಕೂ ಮೊದಲೇ ಆಗಿತ್ತು. ಅಕ್ಕ ಗೂಡಿನ ಅಗಲವನ್ನು ನಡುವಿನಲ್ಲಿ ಒಂದೇ ಸಲ ಅಳೆದಿದ್ದರು, 1,204 ಮಿ.ಮೀ. ಬಂದಿತ್ತು. ಆರ್ಡರ್ ಕೊಡುವಾಗ ‘ಗೂಡಿನ ಅಳತೆ’, ‘ಬ್ಲೈಂಡಿನ ಅಳತೆ’ ಎಂದು ಎರಡು ಆಯ್ಕೆ ಇದ್ದವು. ಗೂಡಿನ ಅಳತೆ ಎಂದು ಹೇಳಿದರೆ ತಯಾರಿಸುವವರು ತಾವೇ ಸುಮಾರು 10 ಮಿ.ಮೀ. ಕಳೆಯುತ್ತಾರೆ, ಬ್ಲೈಂಡಿನ ಅಳತೆ ಎಂದರೆ ಕೊಟ್ಟಷ್ಟೇ ಮಾಡಿಕೊಡುತ್ತಾರೆ. ಅಕ್ಕ ಎರಡನೆಯದನ್ನು ಆರಿಸಿದ್ದರು. ಬ್ಲೈಂಡು, ಅದರ ತುದಿಗಳನ್ನು ಹಿಡಿಯುವ ಬ್ರ್ಯಾಕೆಟ್ ಸೇರಿ 1,204 ಮಿ.ಮೀ. ಬಂತು. ಬ್ರ್ಯಾಕೆಟ್ ಕೂರುವ ಮೇಲ್ಭಾಗದಲ್ಲಿ ಗೂಡು ಇದ್ದದ್ದು 1,197. ಮೂಲೆಗಳಲ್ಲಿ ಗಾರೆ ತುಸು ದಪ್ಪ ನಿಂತಿತ್ತು.

ಗೂಡಿನೊಳಗೆ ಹಾಕುವ ಬ್ಲೈಂಡಿಗೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಚಿಕ್ಕದನ್ನು ಹಿಡಿಯಬೇಕು. ಎತ್ತರವನ್ನೂ ಮೂರು ಕಡೆ ಅಳೆಯಬೇಕು. ಎರಡು ಕರ್ಣಗಳನ್ನು ಅಳೆದರೆ ಗೂಡು ಚೌಕವಾಗಿದೆಯೋ ಓರೆಯೋ ತಿಳಿಯುತ್ತದೆ. ಟೇಪಿನ ತುದಿಯ ಕೊಕ್ಕೆ ಕೊಂಚ ಸಡಿಲವಿರುವುದು ದೋಷವಲ್ಲ. ಒತ್ತಿ ಅಳೆಯುವಾಗಲೂ ಎಳೆದು ಅಳೆಯುವಾಗಲೂ ಕೊಕ್ಕೆಯ ದಪ್ಪ ಲೆಕ್ಕಕ್ಕೆ ಸರಿಯಾಗಲೆಂದೇ ಅದು ಅಷ್ಟು ಜರುಗುತ್ತದೆ. ಆದರೆ ಕೊಕ್ಕೆ ಬಗ್ಗಿದ್ದರೆ ಒಂದೆರಡು ಮಿ.ಮೀ. ತಪ್ಪುವುದು ಖಂಡಿತ.

ವಾಪಸ್ ಕಳಿಸುವ ಬದಲು 15 ಮಿ.ಮೀ. ಕತ್ತರಿಸುವುದೆಂದು ನಿರ್ಧರಿಸಿದರು. 1,189 ಆದರೆ ಎರಡೂ ಕಡೆ ತಲಾ 4 ಮಿ.ಮೀ. ಬಿಡುವು ಸಿಗುತ್ತದೆ. ಇದು ಒಳ್ಳೆಯ ನಿರ್ಧಾರ, ಮಾಡಿದ ಕ್ರಮವೂ ಸರಿಯಿತ್ತು. ಕೊಳವೆಯ ಚೈನ್ ಇಲ್ಲದ ತುದಿಯನ್ನು ಮುಚ್ಚುವ ಪ್ಲಗ್ ಹೊರಗೆಳೆದು, ಶುಭ್ರ ಬಟ್ಟೆಯ ಮೇಲೆ ಬ್ಲೈಂಡನ್ನು ಪೂರ್ತಿ ಬಿಚ್ಚಿ ಹರಡಿದರು. ಅಂಚಿನಿಂದ 15 ಮಿ.ಮೀ. ಒಳಗೆ ಉದ್ದಕ್ಕೂ ಗುರುತು ಹಾಕಿ, ಕಬ್ಬಿಣದ ಪಟ್ಟಿ ಒತ್ತಿ ಹಿಡಿದು, ಹೊಸ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕೊಯ್ದರು. ಹಳೆ ಬ್ಲೇಡಾದರೆ ನೂಲು ಏಳುತ್ತದೆ. ಕೊಳವೆಗೆ ಅಂಟಿದ್ದ ಬಟ್ಟೆಯ ಅಂಚನ್ನು ತುಸು ಬಿಡಿಸಿ, ಅಲ್ಯೂಮಿನಿಯಂ ಕೊಳವೆಯನ್ನೂ ಕೆಳಗಿನ ಪಟ್ಟಿಯನ್ನೂ ಇಂಚಿಗೆ 32 ಹಲ್ಲಿನ ಹ್ಯಾಕ್ಸಾದಿಂದ ಕತ್ತರಿಸಿದರು. ಕತ್ತರಿಸಿದ ಬಾಯಿಯನ್ನು ಅರದಿಂದ ಉಜ್ಜಿ ನಯ ಮಾಡಿದ ಮೇಲೆಯೇ ಪ್ಲಗ್ ಕೂರಿಸಿದರು. ಈ ಉಜ್ಜುವ ಕೆಲಸ ಬಿಟ್ಟರೆ ಲೋಹದ ಮುಳ್ಳು ಬಟ್ಟೆಯನ್ನು ಹರಿಯುತ್ತದೆ.

ಎರಡನೆಯ ತಪ್ಪು ಕೊರೆಯುವಾಗ ಆದದ್ದು. ಬ್ಯಾಟರಿ ಡ್ರಿಲ್‌ಗೆ ಗೋಡೆ ಬಿಟ್ ಹಾಕಿ ಲಿಂಟಲ್‌ನ ತಳಕ್ಕೆ ಹಿಡಿದರು. ಮೊದಲ 15 ಮಿ.ಮೀ. ಬೆಣ್ಣೆಯಂತೆ ಹೋಯಿತು, ಅದು ಗಾರೆ. ಆಮೇಲೆ ಬಿಟ್ ಸುಮ್ಮನೆ ತಿರುಗತೊಡಗಿತು. “ಅಕ್ಕಾ, ಇನ್ನೊಂಚೂರು ಒತ್ತಿದ್ರೆ ಹೋಗುತ್ತೆ” ಎಂದು ತಮ್ಮ ಮೈಭಾರ ಬಿಟ್ಟು ಒತ್ತಿದ. ಬಿಟ್‌ನ ತುದಿ ನೀಲಿಯಾಯಿತು, ಜಾರಾಡಿ ತೂತಿನ ಬಾಯಿ 9 ಮಿ.ಮೀ.ವರೆಗೆ ಅಗಲವಾಯಿತು, ಆಳ ಮಾತ್ರ ಹೆಚ್ಚಲಿಲ್ಲ.

ಕಾಂಕ್ರೀಟಿನಲ್ಲಿ ಜಲ್ಲಿ ಇರುತ್ತದೆ. ಜಲ್ಲಿಯನ್ನು ಒಡೆಯಬೇಕೇ ಹೊರತು ಕೆರೆಯಲಾಗದು. ಬರೀ ತಿರುಗುವ ಬಿಟ್ ಅದನ್ನು ಉಜ್ಜಿ ಬಿಸಿಯಾಗುತ್ತದೆ, ಬಿಸಿಗೆ ತುದಿಯ ಕಾರ್ಬೈಡ್ ಚೂರಿನ ಬೆಸುಗೆ ಸಡಿಲವಾಗುತ್ತದೆ. ಗಾರೆ ದಾಟಿದ ಮೇಲೆ ಹತ್ತು ಸೆಕೆಂಡಿನಲ್ಲಿ ಆಳ ಏರದಿದ್ದರೆ ನಿಲ್ಲಿಸಬೇಕು. ಕೈಗೆ ಬಲ ಸಾಲದೆಂದಲ್ಲ, ಯಂತ್ರ ಆ ಕೆಲಸದ್ದಲ್ಲ.

ಇಲ್ಲಿ ಅವರು ತೆಗೆದುಕೊಂಡ ನಿರ್ಧಾರವೇ ಈ ಪ್ರಕರಣದ ಮುಖ್ಯ ತಿರುವು. ತೂತಿನೊಳಗೆ ಅರಳಿ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್‌ಗಳನ್ನು 15 ಮಿ.ಮೀ.ಗೆ ಕತ್ತರಿಸಿ, ಸಡಿಲವಿದ್ದ ತೂತಿಗೆ ಬೆಂಕಿಕಡ್ಡಿ ತುಂಡು ತುರುಕಿ, ಸ್ಕ್ರೂ ಬಿಗಿದರು. ಬಿಗಿದ ಹೊತ್ತಿಗೆ ಗಟ್ಟಿಯಾಗಿಯೇ ಕಂಡಿತು. ಐದನೆಯ ದಿನ ಚೈನ್ ಎಳೆದಾಗ ಬ್ಲೈಂಡು ಅಂಗೈಯಗಲದ ಗಾರೆಯನ್ನೂ ಕಿತ್ತುಕೊಂಡು ಕೆಳಗೆ ಬಂತು. ಯಾರಿಗೂ ಪೆಟ್ಟಾಗಲಿಲ್ಲ.

ಕಾರಣ ಸರಳ. ಗೋಡೆಯ ಮುಖಕ್ಕೆ ಹಾಕಿದ ಸ್ಕ್ರೂ ಮೇಲೆ ಭಾರ ಅಡ್ಡಲಾಗಿ ಬೀಳುತ್ತದೆ, ಪ್ಲಗ್ ಹೊರಬರಲು ಅದು ಅಷ್ಟಾಗಿ ಒತ್ತಾಯಿಸುವುದಿಲ್ಲ. ತಲೆಯ ಮೇಲೆ ಹಾಕಿದ ಸ್ಕ್ರೂವನ್ನು ಭಾರ ನೇರ ಹೊರಗೇ ಎಳೆಯುತ್ತದೆ. ಬ್ಲೈಂಡು ಹಗುರವೇ, ಆದರೆ ಚೈನ್ ಎಳೆಯುವ ಕೈಯ ಬಲ ದಿನಕ್ಕೆ ನಾಲ್ಕಾರು ಸಲ ಅದರ ಜೊತೆ ಸೇರುತ್ತದೆ. ಗಾರೆ ಕಾಂಕ್ರೀಟಿಗೆ ಅಂಟಿಕೊಂಡ ಪದರ ಮಾತ್ರ. ತೂಗುವ ಯಾವುದಕ್ಕೂ ಅದು ಆಧಾರವಾಗದು.

ಮುಂದೆ ಅವರ ಮುಂದಿದ್ದ ದಾರಿಗಳು: ಎರಡು ಬದಿ ಅಂಟಿನ ಟೇಪು, ಇನ್ನೂ ದಪ್ಪ ಪ್ಲಗ್, ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿಗೇ ಬ್ರ್ಯಾಕೆಟ್, ಇಲ್ಲವೇ ಸರಿಯಾದ ಯಂತ್ರ. ಅಂಟು ಬಿಸಿಲಿನ ಕಿಟಕಿಯಲ್ಲಿ ನಿಲ್ಲದು. ದಪ್ಪ ಪ್ಲಗ್ಗೂ ಅದೇ ಗಾರೆಯಲ್ಲೇ ಕೂರಬೇಕು. ಚೌಕಟ್ಟಿಗೆ ಹಾಕಿದರೆ ಜಾರುವ ಕಿಟಕಿಯ ದಾರಿಗೆ ಅಡ್ಡ. ಹಾಗಾಗಿ ಎಸ್‌ಡಿಎಸ್ ಪ್ಲಸ್ ಎಂಬ ಬಗೆಯ ಬಿಟ್ ಹಿಡಿಯುವ 2 ಕೆ.ಜಿ. ದರ್ಜೆಯ ರೋಟರಿ ಹ್ಯಾಮರನ್ನು ಒಂದು ದಿನದ ಮಟ್ಟಿಗೆ ಕಡ ತರುವುದೆಂದು ತೀರ್ಮಾನಿಸಿದರು. ನಮ್ಮ ದೃಷ್ಟಿಯಲ್ಲಿ ಇಡೀ ಕೆಲಸದ ಅತ್ಯುತ್ತಮ ನಿರ್ಧಾರ ಇದೇ. ಇಂಥ ಯಂತ್ರ ವರ್ಷಕ್ಕೊಮ್ಮೆ ಬೇಕಾಗುವಂಥದ್ದು, ಕೊಳ್ಳಲೇಬೇಕೆಂದಿಲ್ಲ. ಸಾಮಾನ್ಯ ಹ್ಯಾಮರ್ ಡ್ರಿಲ್‌ಗೂ ಇದಕ್ಕೂ ವ್ಯತ್ಯಾಸವಿದೆ. ಅದರಲ್ಲಿ ಹಲ್ಲಿನ ಚಕ್ರಗಳು ಒಂದರ ಮೇಲೊಂದು ಜಿಗಿದು ಬಡಿಯುತ್ತವೆ, ಪೆಟ್ಟಿನ ಬಲ ನಿಮ್ಮ ತೋಳಿನಿಂದಲೇ ಬರಬೇಕು. ಇಟ್ಟಿಗೆಗೆ ಅದು ಸಾಕು. ರೋಟರಿ ಹ್ಯಾಮರಿನಲ್ಲಿ ಗಾಳಿಯ ಒತ್ತಡದಿಂದ ಓಡುವ ಪಿಸ್ಟನ್ನೇ ಪೆಟ್ಟು ಕೊಡುತ್ತದೆ. ಏಣಿಯ ಮೇಲೆ ನಿಂತು ತಲೆಯ ಮೇಲೆ ಕೊರೆಯುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ಕಿತ್ತ ಜಾಗದ ಸುತ್ತ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ, ಪೊಳ್ಳು ಸದ್ದು ಬಂದ ಗಾರೆಯನ್ನೆಲ್ಲ ಕೆಡವಿ, ಹೊಸ ಗಾರೆಯ ತೇಪೆ ಹಾಕಿ ಏಳು ದಿನ ಒಣಗಬಿಟ್ಟರು. ಆಮೇಲೆ ಯಂತ್ರ ತಂದು ಕೊರೆದ ಕ್ರಮ ಹೀಗಿತ್ತು. ಬಿಟ್‌ಗೆ 50 ಮಿ.ಮೀ. ದೂರದಲ್ಲಿ ಟೇಪು ಸುತ್ತಿ ಆಳದ ಗುರುತು: ಗಾರೆ 15, ಪ್ಲಗ್ 30, ಧೂಳಿಗೆ 5. ಬಿಟ್‌ಗೆ ಕಾಗದದ ಲೋಟವೊಂದನ್ನು ಚುಚ್ಚಿ ಬಾಯಿ ಮೇಲೆ ಮಾಡಿ ಬಿಟ್ಟಿದ್ದರಿಂದ ಧೂಳು ಅದರೊಳಗೇ ಬಿತ್ತು. ಕನ್ನಡಕ, ಮಾಸ್ಕ್ ಎರಡನ್ನೂ ತಪ್ಪದೆ ಹಾಕಿದ್ದರು, ತಲೆಯ ಮೇಲೆ ಕೊರೆಯುವಾಗ ಇವೆರಡೂ ಬೇಕೇ ಬೇಕು. ತೇಪೆಯ ಭಾಗವನ್ನು ಹ್ಯಾಮರ್ ಇಲ್ಲದೆ ಬರೀ ತಿರುಗಿಸಿ ದಾಟಿ, ಕಾಂಕ್ರೀಟ್ ಸಿಕ್ಕ ಮೇಲೆ ಹ್ಯಾಮರ್ ಹಾಕಿದರು. ಪ್ರತಿ ತೂತಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ನಾಲ್ಕರಲ್ಲಿ ಮೂರು ತೂತು ಸಲೀಸು. ನಾಲ್ಕನೆಯದರಲ್ಲಿ 40 ಮಿ.ಮೀ. ಆಳಕ್ಕೆ ಸದ್ದು ಬದಲಾಗಿ ಟಣಟಣ ಎಂದಿತು, ಧೂಳು ಬರುವುದು ನಿಂತಿತು. ಲಿಂಟಲ್‌ನ ಕಂಬಿ. ಕಂಬಿಯ ಮೇಲೆ ಸಾಮಾನ್ಯವಾಗಿ 20–25 ಮಿ.ಮೀ. ಕಾಂಕ್ರೀಟ್ ಇರುತ್ತದೆ, ಅದಕ್ಕೆ ಗಾರೆ ಸೇರಿಸಿದರೆ ಲೆಕ್ಕ ಸರಿಹೋಗುತ್ತದೆ. ಕಂಬಿಯನ್ನು ಕೊರೆಯಲು ಹೋಗಬಾರದು. ಬಿಟ್ ಹಾಳಾಗುತ್ತದೆ, ಕಂಬಿ ಇರುವುದೇ ಲಿಂಟಲ್ ಬಿರುಕು ಬಿಡದಿರಲೆಂದು. ಬ್ರ್ಯಾಕೆಟಿನಲ್ಲಿ ಇನ್ನೊಂದು ತೂತು 20 ಮಿ.ಮೀ. ಆಚೆ ಇತ್ತು, ಅಲ್ಲಿ ಕೊರೆದರು.

ತೂತಿನ ಧೂಳನ್ನು ಎರಡು ಸಲ ಊದಿ, ಸಣ್ಣ ಬ್ರಷ್ ಆಡಿಸಿ ತೆಗೆದ ಮೇಲೆಯೇ ಪ್ಲಗ್ ಬಡಿದರು. ಧೂಳು ಉಳಿದರೆ ಪ್ಲಗ್ ಅದರ ಮೇಲೆ ಜಾರುತ್ತದೆ. ಪ್ಲಗ್‌ನ ತಲೆ ಗಾರೆಯ ಮೇಲ್ಮೈಗೆ ಸಮ ನಿಲ್ಲಬಾರದು. ಗಾರೆ ದಾಟಿ ಪೂರ್ತಿ ಕಾಂಕ್ರೀಟಿನೊಳಗೆ ಹೋಗುವಂತೆ ಹಳೆ ಸ್ಕ್ರೂ ಒಂದರಿಂದ ತಳ್ಳಿದರು. ಹಾಗಾದ ಮೇಲೆ ಪೆಟ್ಟಿಗೆಯ 30 ಮಿ.ಮೀ. ಸ್ಕ್ರೂ ಸಾಲುವುದೆಲ್ಲಿಂದ? ಬ್ರ್ಯಾಕೆಟ್ 2, ಗಾರೆ 15, ಪ್ಲಗ್ 30, ಒಟ್ಟು 47. ತುದಿ ಪ್ಲಗ್‌ನಾಚೆ ತುಸು ಇಣುಕಿದರೆ ಮಾತ್ರ ಪ್ಲಗ್ ಪೂರ್ತಿ ಅರಳುತ್ತದೆ, ಅಂದರೆ 50 ಮಿ.ಮೀ. ಬೇಕು. 8 ನಂಬರಿನ, ಅಂದರೆ ಸುಮಾರು 4.2 ಮಿ.ಮೀ. ದಪ್ಪದ, 50 ಮಿ.ಮೀ. ಸ್ಕ್ರೂ ತಂದರು. ಅವುಗಳ ತಲೆಯಲ್ಲಿ ಪ್ಲಸ್ ಗುರುತಿನ ನಡುವೆ ಇನ್ನೂ ನಾಲ್ಕು ಸಣ್ಣ ಗೆರೆಗಳಿದ್ದವು. ಅದು ಪೋಜಿಡ್ರಿವ್, ಅದಕ್ಕೆ ಪಿಝಡ್ 2 ಬಿಟ್. ಮಾಮೂಲು ಪ್ಲಸ್ ತಲೆಗಿರುವ ಪಿಎಚ್ 2 ಬಿಟ್ ಹಾಕಿದರೆ ಜಾರಿ ತಲೆ ಸವೆಯುತ್ತದೆ. ಮೊದಲ ಸ್ಕ್ರೂ ಹಾಗೆಯೇ ಹಾಳಾಯಿತು.

ಹಾಲಿನ ಕಿಟಕಿ

ಇದಕ್ಕೂ ರೋಟರಿ ಹ್ಯಾಮರ್ ಇದ್ದದ್ದರಿಂದ ಕೊರೆಯುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಮಟ್ಟ. ಕಿಟಕಿಯ ಮೇಲಂಚಿನಿಂದ ಎರಡೂ ಬ್ರ್ಯಾಕೆಟ್‌ಗೆ ಸಮವಾಗಿ 60 ಮಿ.ಮೀ. ಅಳೆದು, ಫೋನಿನ ಆ್ಯಪ್‌ನಲ್ಲಿ ಸೊನ್ನೆ ಡಿಗ್ರಿ ಕಂಡ ಮೇಲೆ ತೂತು ಹಾಕಿದರು. ಬ್ಲೈಂಡನ್ನು ನಾಲ್ಕು ಸಲ ಮೇಲೆ ಕೆಳಗೆ ಮಾಡುವಷ್ಟರಲ್ಲಿ ಬಟ್ಟೆ ಒಂದು ಬದಿಗೆ ಸರಿದು ಬ್ರ್ಯಾಕೆಟಿಗೆ ಉಜ್ಜತೊಡಗಿತು. ಸುರುಳಿಯ ಒಂದು ತುದಿ ಶಂಖದಂತೆ ಹೊರಚಾಚಿತು.

ಕಿಟಕಿಯ ಮೇಲಂಚೇ 1,900 ಮಿ.ಮೀ.ಗೆ 8 ಮಿ.ಮೀ. ಓರೆಯಿತ್ತು. ಆ್ಯಪ್ ಏಕೆ ಹೇಳಲಿಲ್ಲ? ಆ ಓರೆ ಕೋನದ ಲೆಕ್ಕದಲ್ಲಿ ಕಾಲು ಡಿಗ್ರಿಗಿಂತ ಕಡಿಮೆ. ಪೂರ್ಣಾಂಕದಲ್ಲಿ ತೋರಿಸುವ ಆ್ಯಪ್ ಅರ್ಧ ಡಿಗ್ರಿಯೊಳಗಿನದನ್ನೆಲ್ಲ ಸೊನ್ನೆ ಎನ್ನುತ್ತದೆ, ಅರ್ಧ ಡಿಗ್ರಿ ಎಂದರೆ ಈ ಅಗಲಕ್ಕೆ 16 ಮಿ.ಮೀ.ಗೂ ಹೆಚ್ಚು. ಫೋನಿನ ಹಿಂದಿನ ಕ್ಯಾಮೆರಾ ಉಬ್ಬು, ಬದಿಯ ಗುಂಡಿ, ಕವರಿನ ಉಬ್ಬುತಗ್ಗು ಎಲ್ಲವೂ ಸೇರಿ ಅದನ್ನು ಇನ್ನಷ್ಟು ಕೆಡಿಸುತ್ತವೆ. ಚಿತ್ರದ ಚೌಕಟ್ಟು ತೂಗುಹಾಕಲು ಆ್ಯಪ್ ನಡೆದೀತು, ಎರಡು ಮೀಟರ್ ರೋಲರಿಗೆ ನಡೆಯದು. ಕೊಳವೆ ಮಟ್ಟವಿಲ್ಲದಿದ್ದರೆ ಬಟ್ಟೆ ಪ್ರತಿ ಸುತ್ತಿಗೂ ಕೂದಲೆಳೆಯಷ್ಟು ಪಕ್ಕಕ್ಕೆ ಬೀಳುತ್ತದೆ, ಇಪ್ಪತ್ತು ಸುತ್ತಿಗೆ ಅದು ಕಣ್ಣಿಗೆ ಕಾಣುವಷ್ಟಾಗುತ್ತದೆ. ಬ್ಲೈಂಡು ಕಿಟಕಿಗೆ ಸಮನಾಗಿರುವುದಕ್ಕಿಂತ ನೀರಮಟ್ಟಕ್ಕೆ ಸರಿಯಾಗಿರುವುದು ಮುಖ್ಯ.

ಈ ಸಲ ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬು ತಂದರು: 8 ಮಿ.ಮೀ. ಒಳವ್ಯಾಸದ ಪಾರದರ್ಶಕ ಟ್ಯೂಬು, 5 ಮೀಟರ್. ನೀರು ತುಂಬಿ, ಗಾಳಿಗುಳ್ಳೆ ಒಂದೂ ಉಳಿಯದಂತೆ ತಟ್ಟಿ ಹೊರಡಿಸಿ, ಎರಡೂ ಬಾಯಿ ತೆರೆದಿಟ್ಟು ಎರಡು ಬ್ರ್ಯಾಕೆಟ್‌ಗಳ ಜಾಗದಲ್ಲಿ ಹಿಡಿದರು. ನೀರು ಅಲುಗಾಟ ನಿಲ್ಲಿಸಿದಾಗ ಎರಡೂ ಕಡೆ ಅದರ ಬಾಗಿದ ಮೈಯ ಕೆಳಗಿನ ಗೆರೆ ಗುರುತು ಮಾಡಿದರು. ಇದಕ್ಕಿಂತ ಸುಲಭವಾದ, ಇದಕ್ಕಿಂತ ನಂಬಿಕೆಯ ಮಟ್ಟ ಮನೆಗೆಲಸಕ್ಕೆ ಇನ್ನೊಂದಿಲ್ಲ ಎಂದೇ ನಮ್ಮ ಅನಿಸಿಕೆ. ಒಬ್ಬರೇ ಕೆಲಸ ಮಾಡುವವರಿಗೆ 600 ಮಿ.ಮೀ. ರಸಮಟ್ಟ ಮತ್ತು ನೆಟ್ಟಗಿರುವ ಉದ್ದ ಪಟ್ಟಿ ಸಾಕು. ಆದರೆ ರಸಮಟ್ಟವನ್ನು ಮೊದಲು ಪರೀಕ್ಷಿಸಬೇಕು: ಒಮ್ಮೆ ಇಟ್ಟು ಗುಳ್ಳೆ ನೋಡಿ, ಅದೇ ಜಾಗದಲ್ಲಿ ತುದಿ ಬದಲಿಸಿ ತಿರುಗಿಸಿ ಇಟ್ಟರೂ ಗುಳ್ಳೆ ಅಲ್ಲೇ ನಿಲ್ಲಬೇಕು.

8 ಮಿ.ಮೀ. ಸರಿಸಿ ಹೊಸ ತೂತು ಹಾಕಲು ಹೋದರೆ ಅದು ಹಳೆಯ 6 ಮಿ.ಮೀ. ತೂತಿಗೆ ತಾಗಿ ಒಂದಾಗಿಬಿಡುತ್ತದೆ. ಗೂಡಿನ ಹೊರಗಿನ ಬ್ಲೈಂಡಾದ್ದರಿಂದ ಸ್ಥಳಕ್ಕೆ ಬರವಿರಲಿಲ್ಲ. ಎರಡೂ ಬ್ರ್ಯಾಕೆಟ್‌ಗಳನ್ನು 40 ಮಿ.ಮೀ. ಮೇಲಕ್ಕೆ ಒಯ್ಯುವುದೆಂದು ನಿರ್ಧರಿಸಿದರು.

ಆಗ ಅಕ್ಕ ಕೇಳಿದ ಒಂದು ಪ್ರಶ್ನೆ ಕೆಲಸದ ದಿಕ್ಕನ್ನೇ ಬದಲಿಸಿತು: “ಬಲಗಡೆ ಎ.ಸಿ. ಪಾಯಿಂಟಿಗೆ ವೈರು ಎಲ್ಲಿಂದ ಹೋಗಿದೆ ನೋಡಿದ್ಯಾ?” ತಮ್ಮ ನೋಡಿರಲಿಲ್ಲ. ಗೋಡೆಯೊಳಗಿನ ವೈರು ಪತ್ತೆ ಮಾಡುವ ಡಿಟೆಕ್ಟರ್ ಹಿಡಿದಾಗ ಬ್ರ್ಯಾಕೆಟಿನ ಗುರುತಿಗೆ 30 ಮಿ.ಮೀ. ಆಚೆ ನೆಟ್ಟಗೆ ಮೇಲೇರುವ ಪೈಪು ಸಿಕ್ಕಿತು. ಮೊದಲ ಸಲದ ತೂತುಗಳು ಅದಕ್ಕೆ ಇಷ್ಟು ಹತ್ತಿರದಲ್ಲೇ ಬಿದ್ದಿದ್ದವು. ಎರಡೂ ಬ್ರ್ಯಾಕೆಟ್‌ಗಳನ್ನು 20 ಮಿ.ಮೀ. ಎಡಕ್ಕೆ ಸರಿಸಿ 50 ಮಿ.ಮೀ. ಅಂತರ ಮಾಡಿಕೊಂಡರು. ಎಡಗಡೆ ಬ್ಲೈಂಡು 95, ಬಲಗಡೆ 55 ಮಿ.ಮೀ. ಹೆಚ್ಚಿಗೆ ಬಂತು, ಬೆಳಕು ತಡೆಯಲು ಅದು ಧಾರಾಳ. ಕೊರೆಯುವ ಮುನ್ನ ಆ ಗೋಡೆಯ ವಿದ್ಯುತ್ತಿನ ಎಂ.ಸಿ.ಬಿ. ಸ್ವಿಚ್ಚು ಆಫ್ ಮಾಡಿ, ಯಂತ್ರಕ್ಕೆ ಬೇರೆ ಕೋಣೆಯಿಂದ ವೈರು ಎಳೆದರು. ಸ್ವಿಚ್ಚು, ಪಾಯಿಂಟುಗಳ ನೇರ ಮೇಲೆ, ನೇರ ಕೆಳಗೆ, ನೇರ ಪಕ್ಕಕ್ಕೆ ಇರುವ ಪಟ್ಟಿಯಲ್ಲಿ ಡಿಟೆಕ್ಟರ್ ಹಿಡಿಯದೆ ಯಾರೂ ಕೊರೆಯಬಾರದು.

ಪೆಟ್ಟಿಗೆಯಲ್ಲಿ ಉಳಿದದ್ದು

ಮೂರೂ ಬ್ಲೈಂಡು ನಿಂತ ಮೇಲೆ ಖಾಲಿ ಪೆಟ್ಟಿಗೆ ಎತ್ತಿಡುವಾಗ ಪ್ರತಿಯೊಂದರಲ್ಲೂ ಒಂದು ಸಣ್ಣ ಪ್ಲಾಸ್ಟಿಕ್ ಸಾಧನ, ಎರಡು ಸ್ಕ್ರೂ ಸಿಕ್ಕವು. ಹೆಚ್ಚುವರಿ ಬಿಡಿಭಾಗವೆಂದು ಬಿಟ್ಟದ್ದು. ಅವೇ ಚೈನನ್ನು ಗೋಡೆಗೆ ಬಿಗಿಯಾಗಿ ಹಿಡಿದಿಡುವ ಸಾಧನಗಳು. ಆ ಮನೆಯಲ್ಲಿ ಮೂರು ವರ್ಷದ ಮಗುವಿದೆ.

ಇದನ್ನು ನಾವು ಒತ್ತಿ ಹೇಳುತ್ತೇವೆ. ಜೋಲುವ ಚೈನಿನ ಕುಣಿಕೆ ಚಿಕ್ಕ ಮಕ್ಕಳ ಕತ್ತಿಗೆ ಸಿಕ್ಕಿಕೊಂಡರೆ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ, ಮಗು ಕೂಗಲೂ ಆಗುವುದಿಲ್ಲ. ಬ್ಲೈಂಡ್‌ಗಳಿಗಿರುವ ಯುರೋಪಿನ ಮಾನದಂಡ ಈಎನ್ 13120 ಇಂಥ ಸಾಧನಗಳನ್ನು ಕಡ್ಡಾಯ ಮಾಡಿರುವುದು ಇದಕ್ಕಾಗಿಯೇ. ಚೈನನ್ನು ಕೆಳಕ್ಕೆ ಎಳೆದು, ಸಡಿಲ ಒಂದಿಷ್ಟೂ ಉಳಿಯದಂತೆ ಸಾಧನವನ್ನು ಗೋಡೆಗೆ ಬಿಗಿಯಬೇಕು. ಹಗ್ಗದ ಬ್ಲೈಂಡಾದರೆ ಹಗ್ಗ ಸುತ್ತುವ ಕೊಕ್ಕೆ ನೆಲದಿಂದ ಕನಿಷ್ಠ 1.5 ಮೀಟರ್ ಎತ್ತರದಲ್ಲಿರಬೇಕು. ಮಂಚ, ಕುರ್ಚಿ, ಆಟಿಕೆ ಪೆಟ್ಟಿಗೆಯಂಥ ಹತ್ತಿ ನಿಲ್ಲುವ ವಸ್ತುಗಳನ್ನು ಕಿಟಕಿಯಿಂದ ದೂರ ಸರಿಸಬೇಕು. ಅಂದೇ ರಾತ್ರಿ ಮೂರನ್ನೂ ಬಿಗಿದರು. ಮಲಗುವ ಕೋಣೆಯಲ್ಲಿ ಮಗುವಿನ ಮಂಚವನ್ನು ಎದುರು ಗೋಡೆಗೆ ತಳ್ಳಿದರು.

ಸಲಕರಣೆಯ ಪಟ್ಟಿ ಎಲ್ಲಿಂದ ಶುರುವಾಗಬೇಕು

ಕೆಲಸ ಮುಗಿದಾಗ ಬಳಕೆಯಾದ ಸಲಕರಣೆಗಳಲ್ಲಿ ಹಾಳೆಯಲ್ಲಿದ್ದವು ನಾಲ್ಕು, ಇಲ್ಲದವು ಹತ್ತಕ್ಕೂ ಹೆಚ್ಚು. ಹಾಗೆಂದು ಎಲ್ಲರೂ ಎಲ್ಲವನ್ನೂ ಕೊಂಡು ಕೂರಬೇಕಿಲ್ಲ. ಓದುವ ಕೋಣೆಯ ಕಿಟಕಿಯೊಂದೇ ಆಗಿದ್ದರೆ ಆ ನಾಲ್ಕೇ ಸಾಕಿತ್ತು. ಬ್ಲೈಂಡ್ ಆರ್ಡರ್ ಮಾಡುವ ಮೊದಲೇ, ಬ್ರ್ಯಾಕೆಟ್ ಕೂರುವ ಜಾಗದಲ್ಲಿ 3 ಮಿ.ಮೀ. ಬಿಟ್‌ನಿಂದ ಒಂದು ಪರೀಕ್ಷೆಯ ತೂತು ಹಾಕಿ ನೋಡಿದ್ದರೆ ಎಲ್ಲವೂ ತಿಳಿಯುತ್ತಿತ್ತು. ಡಿಟೆಕ್ಟರ್ ಹಿಡಿದ ಮೇಲೆ ಕೊರೆಯಬೇಕಾದ ತೂತು ಅದು, ಆಮೇಲೆ ಬ್ರ್ಯಾಕೆಟ್ ಅಡಿಯಲ್ಲೇ ಮುಚ್ಚಿಹೋಗುತ್ತದೆ. ಮರದ ಸಿಪ್ಪೆ ಬಂದರೆ ಮರ, ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದು ಪುಡಿ ಬಂದು ಬಿಟ್ ನಿಂತರೆ ಕಾಂಕ್ರೀಟ್, ಬಿಟ್ ಥಟ್ಟನೆ ಒಳಗೆ ಬಿದ್ದರೆ ಪೊಳ್ಳು ಬ್ಲಾಕ್. ಗಾರೆಯ ದಪ್ಪವೂ ಅದೇ ತೂತಿನಲ್ಲಿ ಸಿಗುತ್ತದೆ, ಸ್ಕ್ರೂವಿನ ಉದ್ದ ಆ ದಪ್ಪದಿಂದಲೇ ಹುಟ್ಟುತ್ತದೆ.

ಒಂದು ತಿಂಗಳ ನಂತರ ಅಕ್ಕ ಬ್ರ್ಯಾಕೆಟಿನ ಹನ್ನೆರಡು ಸ್ಕ್ರೂಗಳನ್ನೂ ಕೈ ಸ್ಕ್ರೂಡ್ರೈವರಿನಿಂದ ಮುಟ್ಟಿ ನೋಡಿದರು. ಹನ್ನೊಂದು ಅಲುಗಲಿಲ್ಲ. ಮಲಗುವ ಕೋಣೆಯಲ್ಲಿ ಕಂಬಿ ತಪ್ಪಿಸಿ ಹಾಕಿದ ಸ್ಕ್ರೂ ಕಾಲು ಸುತ್ತು ಬಿಗಿಯಾಯಿತು. ಯಾವ ಕಿಟಕಿಗೆ ಯಾವ ಬಿಟ್, ಎಷ್ಟು ಆಳ, ಕಂಬಿ ಎಲ್ಲಿದೆ, ವೈರು ಎಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದು, ಉಳಿದ ಪ್ಲಗ್, ಸ್ಕ್ರೂಗಳ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಟ್ಟಿದ್ದಾರೆ.